ನಾಯಿಯ ಲಸಿಕೆ ಕಾರ್ಡು ಕೇಳುವ ಜಯನಗರ, ನಾಯಿ ನೋಡಿಕೊಳ್ಳುವ ಹುಡುಗನ ಬಗ್ಗೆ ಏನು ಕೇಳುತ್ತದೆ?

ಬೆಂಗಳೂರಿನ ಜಯನಗರದಲ್ಲಿ ನಾಯಿಗೂ ಹಾಸ್ಟೆಲ್ ಇದೆ ಅಂದರೆ ಊರಿನ ಅರಳಿಕಟ್ಟೆಯಲ್ಲಿ ಕೂತವರು ನಗುತ್ತಾರೆ. "ಮಕ್ಕಳ ಹಾಸ್ಟೆಲ್ಲಿಗೇ ಸೀಟು ಸಿಗಲ್ಲ, ನಾಯಿಗೆ ಹಾಸ್ಟೆಲ್ಲಂತೆ" ಅನ್ನುತ್ತಾರೆ. ನಗಲಿ, ನಾವೂ ನಗುತ್ತೇವೆ. ಆದರೆ ನಕ್ಕು ಮುಗಿದ ಮೇಲೆ ಒಂದು ಮಾತು ಕೇಳಿಕೊಳ್ಳೋಣ. ಆ ಹಾಸ್ಟೆಲ್ಲಿನಲ್ಲಿ ಬೆಳಗಾಗುವ ಮೊದಲೇ ಎದ್ದು ನಾಯಿ ಹೇಲು ಬಳಿಯುವವರು ಯಾರು? ಇಪ್ಪತ್ತು ನಾಯಿಗೆ ಅನ್ನ ಕಲಸುವವರು ಯಾರು? ಎರಡು ನಾಯಿ ಕಚ್ಚಾಡುವಾಗ ನಡುವೆ ಕೈ ಹಾಕುವವರು ಯಾರು?

ನಮ್ಮ ಹಳ್ಳಿಗಳ ಹುಡುಗರು, ಹೆಣ್ಣುಮಕ್ಕಳು. ಪಿಯುಸಿ ಅರ್ಧಕ್ಕೆ ಬಿಟ್ಟವರು, ಮಳೆ ಕೈಕೊಟ್ಟ ವರ್ಷ ಬಸ್ ಹತ್ತಿದವರು. ಆದ್ದರಿಂದ ನಾಯಿ ಹಾಸ್ಟೆಲ್ಲಿನ ಆರೋಗ್ಯ ನಿಯಮ ನಮ್ಮೂರಿನ ವಿಷಯವೂ ಹೌದು.

ನಮ್ಮ ವಾದ ಒಂದೇ. ಬೋರ್ಡಿಂಗಿನ ಆರೋಗ್ಯ ನಿಯಮ ನಾಯಿಯಿಂದ ಶುರುವಾಗಿ ನಾಯಿಯಲ್ಲೇ ಮುಗಿದರೆ, ಅದು ಹುಡುಗನನ್ನು ಕಾಯುವುದಿಲ್ಲ. ಕೊನೆಗೆ ನಾಯಿಯನ್ನೂ ಕಾಯುವುದಿಲ್ಲ.

ಅಲ್ಲಿ ನಡೆಯುವುದೇನು?

ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳುತ್ತೇವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಬಹಳ. ಬೆಳಿಗ್ಗೆ ನಾಯಿ ಬಿಟ್ಟು ಸಂಜೆ ಕರೆದುಕೊಂಡು ಹೋದರೆ ಅದು ಡೇ ಕೇರ್. ಊರಿಗೆ, ಮದುವೆಗೆ, ವಿದೇಶಕ್ಕೆ ಹೋಗುವಾಗ ನಾಲ್ಕು ದಿನವೋ ತಿಂಗಳೋ ಬಿಟ್ಟು ಹೋದರೆ ಅದು ಬೋರ್ಡಿಂಗ್. ಎರಡಕ್ಕೂ ದಿನದ ಲೆಕ್ಕದಲ್ಲಿ ದುಡ್ಡು. ಇದಕ್ಕೆ ದೊಡ್ಡ ಕಟ್ಟಡವೇ ಬೇಕಿಲ್ಲ. ಹಳೆಯ ಮನೆಯ ನೆಲಮಹಡಿ, ಹಿಂದೆ ಒಂದಿಷ್ಟು ಅಂಗಳ, ಗೇಟಿಗೆ ಜಾಲರಿ ಇದ್ದರೆ ವ್ಯಾಪಾರ ಶುರು.

ಒಳ್ಳೆಯ ಕಡೆ ಗೇಟಿನಲ್ಲೇ ಕೆಲವು ಪ್ರಶ್ನೆ ಕೇಳುತ್ತಾರೆ. ರೇಬಿಸ್ ಲಸಿಕೆ ಆಗಿದೆಯಾ? ಡಿಸ್ಟೆಂಪರ್, ಪಾರ್ವೊ ಲಸಿಕೆ ಆಗಿದೆಯಾ? ಇಲಿ ಜ್ವರದ್ದು? ಜಂತುಹುಳುವಿನ ಔಷಧಿ ಯಾವಾಗ ಕೊಟ್ಟಿರಿ? ಮೈಮೇಲೆ ಉಣ್ಣೆ ಇದೆಯಾ? ಕೆಮ್ಮು, ವಾಂತಿ, ಭೇದಿ? ಹೆಣ್ಣು ನಾಯಿ ಬೆದೆಗೆ ಬಂದಿದೆಯಾ? ಕಾರ್ಡು ತೋರಿಸದಿದ್ದರೆ ಒಳಗೆ ಬಿಡುವುದಿಲ್ಲ.

ಇದು ದುಡ್ಡಿದ್ದವರ ದೌಲತ್ತು ಅಂತ ತಿಳಿಯಬೇಡಿ. ದನ ಕಟ್ಟಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾಲುಬಾಯಿ ಜ್ವರ ಬಂದ ಹಸುವನ್ನು ನಾವು ಬೇರೆ ಕಟ್ಟುವುದಿಲ್ಲವೇ? 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಎಷ್ಟೋ ಕಡೆ ದನದ ಜಾತ್ರೆ, ಸಂತೆಗಳನ್ನು ನಿಲ್ಲಿಸಲಿಲ್ಲವೇ? ಹತ್ತೂರಿನ ದನ ಒಂದೇ ಬಯಲಲ್ಲಿ ಸೇರಿದರೆ ಹತ್ತೂರಿನ ರೋಗವೂ ಸೇರುತ್ತದೆ. ಡೇ ಕೇರ್ ಅಂದರೆ ದಿನವೂ ನಡೆಯುವ ನಾಯಿ ಜಾತ್ರೆ. ಇಪ್ಪತ್ತು ಮನೆಯ ನಾಯಿ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ.

ರೋಗಗಳೂ ಅಂಥವೇ. ಪಾರ್ವೊ ಬಂದ ಮರಿ ವಾಂತಿ, ರಕ್ತಭೇದಿ ಆಗಿ ಕೆಲವೇ ದಿನದಲ್ಲಿ ಸಾಯಬಹುದು. ಅದರ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬರೀ ಫಿನಾಯಿಲ್ ಹಾಕಿ ಒರೆಸಿದರೆ ಅದು ಸಾಯುವುದಿಲ್ಲ. ಮೊದಲು ಹೇಲು, ಮಣ್ಣು ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಡಬೇಕು. ಉಣ್ಣೆಯ ವಿಷಯ ಹೇಳಬೇಕಿಲ್ಲ. ಒಂದು ಹೆಣ್ಣು ಉಣ್ಣೆ ಗೋಡೆ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಕೆನಲ್ ಕೆಮ್ಮು ಅನ್ನುವ ಕಾಯಿಲೆ ಒಂದು ನಾಯಿ ಕೆಮ್ಮಿದರೆ ಸಾಕು, ಕೋಣೆಗೆಲ್ಲ ಹಬ್ಬುತ್ತದೆ. ಹಾಗಾಗಿ ಕಾರ್ಡು ಕೇಳುವುದು ಸರಿ. ಇನ್ನೂ ಕಟ್ಟುನಿಟ್ಟಾಗಿ ಕೇಳಲಿ. ಕೇಳದವರ ಬಾಗಿಲು ಮುಚ್ಚಿಸಲಿ.

ಕಾರ್ಡಿಲ್ಲದ ಒಬ್ಬ

ಈಗ ನಮ್ಮ ತಕರಾರಿಗೆ ಬರೋಣ. ಗೇಟಿನ ಒಳಗೆ ಇಪ್ಪತ್ತು ನಾಯಿಗೆ ಇಪ್ಪತ್ತು ಲಸಿಕೆ ಕಾರ್ಡು. ಅವನ್ನು ನೋಡಿಕೊಳ್ಳುವ ಹುಡುಗನ ಕಾರ್ಡು ಎಲ್ಲಿ?

ರೇಬಿಸ್ ಬಾರದಂತೆ ಮೊದಲೇ ಹಾಕಿಸಿಕೊಳ್ಳುವ ಲಸಿಕೆ ಮನುಷ್ಯರಿಗೂ ಇದೆ. ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ 3 ಡೋಸ್. ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಪಶುವೈದ್ಯರಿಗೆ, ನಾಯಿ ಹಿಡಿಯುವವರಿಗೆ, ದಿನವೂ ಪ್ರಾಣಿ ಮುಟ್ಟುವ ಕೆಲಸದವರಿಗೆ ಇದು ಬೇಕು ಅಂತ ವೈದ್ಯಶಾಸ್ತ್ರ ಹೇಳುತ್ತದೆ. ಬೋರ್ಡಿಂಗ್ ಹುಡುಗ ದಿನವೂ ಪ್ರಾಣಿ ಮುಟ್ಟುವವನಲ್ಲದೆ ಇನ್ನೇನು?

ಈ ಲಸಿಕೆ ಮೊದಲೇ ಆಗಿದ್ದರೆ ಲಾಭ ದೊಡ್ಡದು. ಮುಂದೆ ನಾಯಿ ಕಚ್ಚಿದರೂ ಎರಡೇ ಡೋಸ್ ಸಾಕು, ಕಚ್ಚಿದ ದಿನ ಒಂದು, 3ನೇ ದಿನ ಒಂದು. ಗಾಯದ ಸುತ್ತ ಚುಚ್ಚುವ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ದುಬಾರಿ ಮದ್ದು ಬೇಕಾಗುವುದಿಲ್ಲ. ಲಸಿಕೆ ಆಗದವನಿಗೆ ರಕ್ತ ಬರುವ ಹಾಗೆ ಕಚ್ಚಿದರೆ ಆ ಮದ್ದೂ ಬೇಕು, ಪೂರ್ತಿ ಡೋಸುಗಳೂ ಬೇಕು. ರಾತ್ರಿ ಹನ್ನೊಂದಕ್ಕೆ ಕಚ್ಚಿದರೆ ಬೆಂಗಳೂರಿನ ದಾರಿ ಗೊತ್ತಿಲ್ಲದ ಹುಡುಗ ಅದನ್ನು ಎಲ್ಲಿ ಹುಡುಕಿಕೊಂಡು ಹೋಗುತ್ತಾನೆ?

ರೇಬಿಸ್ ಅಂದರೆ ಏನೆಂದು ನಿಮಗೆ ಗೊತ್ತು. ನಮ್ಮ ಕಡೆ ಹುಚ್ಚುನಾಯಿ ಕಾಯಿಲೆ ಅನ್ನುತ್ತೇವೆ. ನೀರು ಕಂಡರೆ ಹೆದರುವ ಹಂತಕ್ಕೆ ಬಂದವರು ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಜನ ಇದರಿಂದ ಸಾಯುತ್ತಾರೆ. ಪ್ಯಾರಿಸ್ಸಿನಲ್ಲಿ ಲೂಯಿ ಪಾಸ್ತರ್ ಮೊದಲ ಬಾರಿ ಒಬ್ಬ ಹುಡುಗನಿಗೆ ಈ ಲಸಿಕೆ ಕೊಡಿಸಿದ್ದು 1885ರಲ್ಲಿ. ಒಂದೂಕಾಲು ಶತಮಾನ ದಾಟಿದ ಮದ್ದಿದ್ದೂ ಜನ ಸಾಯುತ್ತಿದ್ದಾರೆ. ಇನ್ನು ಜಯನಗರದ ಪಕ್ಕದಲ್ಲೇ ಇರುವ ನಿಮ್ಹಾನ್ಸಿನಲ್ಲಿ ರೇಬಿಸ್ ಪರೀಕ್ಷೆ, ಸಂಶೋಧನೆಗೆ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಕೇಂದ್ರವೇ ಇದೆ. ಜ್ಞಾನ ಇಷ್ಟು ಹತ್ತಿರ ಇದ್ದೂ ಹುಡುಗನ ತೋಳಿಗೆ ಮೂರು ಚುಚ್ಚು ತಲುಪದಿದ್ದರೆ ಅದು ಅಜ್ಞಾನ ಅಲ್ಲ, ಉದಾಸೀನ.

"ಎಲ್ಲ ನಾಯಿಗೂ ಲಸಿಕೆ ಆಗಿರುತ್ತಲ್ಲ"

ಮಾಲೀಕರು ಹೇಳುವ ಮೊದಲ ಮಾತು ಇದು. ಕೇಳಲು ಚೆನ್ನಾಗಿದೆ. ಆದರೆ ನಿಲ್ಲುವುದಿಲ್ಲ.

ಒಂದು, ನಾಯಿ ಮರಿಗೆ ರೇಬಿಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೆ. ಹಾಕಿದ ಕೂಡಲೇ ರಕ್ಷಣೆ ಬರುವುದಿಲ್ಲ, ಕೆಲವು ವಾರ ಬೇಕು. ನಿನ್ನೆ ಹಾಕಿಸಿ ಇವತ್ತು ಬಿಟ್ಟು ಹೋದ ನಾಯಿಯ ಕಾರ್ಡಿನಲ್ಲಿ ಸೀಲು ಇರುತ್ತದೆ, ಮೈಯಲ್ಲಿ ಶಕ್ತಿ ಇನ್ನೂ ಬಂದಿರುವುದಿಲ್ಲ.

ಎರಡು, ಕಾರ್ಡು ಕಾಗದ. ಅವಧಿ ಮುಗಿದಿದ್ದರೂ "ಮುಂದಿನ ವಾರ ಹಾಕಿಸ್ತೀನಿ, ಇವತ್ತು ಫ್ಲೈಟಿದೆ" ಅಂದರೆ ಗಿರಾಕಿಯನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ?

ಮೂರು, ಇದೇ ದೊಡ್ಡದು. ಹುಡುಗ ನಾಯಿಗಳನ್ನು ಹೊರಗೆ ಓಡಾಡಿಸಲು ಕರೆದುಕೊಂಡು ಹೋಗಬೇಕು. ಬಿಬಿಎಂಪಿ 2023ರಲ್ಲಿ ಎಣಿಸಿದಾಗ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಹೊಸ ನಾಯಿ ತಮ್ಮ ಬೀದಿಗೆ ಬಂದರೆ ಅವು ಸುಮ್ಮನಿರುತ್ತವೆಯೇ? ಮೈಮೇಲೆ ಬೀಳುತ್ತವೆ. ಆಗ ಹುಡುಗ ಏನು ಮಾಡುತ್ತಾನೆ? ಹಗ್ಗ ಬಿಟ್ಟರೆ ನಾಯಿ ತಪ್ಪಿಸಿಕೊಳ್ಳುತ್ತದೆ, ಕೆಲಸ ಹೋಗುತ್ತದೆ. ಹಾಗಾಗಿ ಲಸಿಕೆ ಆದ ನಾಯಿಯನ್ನು ಎದೆಗೆ ಎತ್ತಿಕೊಂಡು, ಲಸಿಕೆ ಆಗದ ತನ್ನ ಕಾಲನ್ನು ಬೀದಿನಾಯಿಗೆ ಕೊಡುತ್ತಾನೆ.

ರೇಬಿಸ್ ಒಂದೇ ಅಲ್ಲ. ಇಲಿ ಜ್ವರ ನಾಯಿಯ ಉಚ್ಚೆಯಿಂದಲೂ ಮನುಷ್ಯನಿಗೆ ಬರುತ್ತದೆ. ಬರಿಗಾಲಲ್ಲಿ, ಕಾಲಬೆರಳ ಸಂದಿಯಲ್ಲಿ ಗಾಯ ಇಟ್ಟುಕೊಂಡು ಕೊಟ್ಟಿಗೆ ತೊಳೆದ ಹಾಗೆ ನಾಯಿ ಕೋಣೆ ತೊಳೆಯುವವನಿಗೆ ಇದು ನಿಜವಾದ ಅಪಾಯ. ಹುಳುಕಡ್ಡಿ, ಕಜ್ಜಿ ಕೂಡ ನಾಯಿಯಿಂದ ಮನುಷ್ಯನಿಗೆ ದಾಟುತ್ತವೆ. ಬ್ಲೀಚ್ ಜೊತೆ ಕಕ್ಕಸು ತೊಳೆಯುವ ಆಸಿಡ್ ಬೆರೆಸಿದರೆ ವಿಷಗಾಳಿ ಏಳುತ್ತದೆ. ಇದನ್ನು ಹುಡುಗನಿಗೆ ಮೊದಲ ದಿನವೇ ಕೂರಿಸಿ ಹೇಳಬೇಕು. ಒಂದು ಜೊತೆ ಬೂಟು, ಒಂದು ಜೊತೆ ಗವುಸು, ಅರ್ಧ ಗಂಟೆ ಮಾತು. ಇಷ್ಟನ್ನೂ ಕೊಡಲಾಗದವರು ಇಪ್ಪತ್ತು ಜೀವ ಇಟ್ಟುಕೊಳ್ಳುವ ವ್ಯಾಪಾರಕ್ಕೆ ಇಳಿಯಬಾರದು.

ಹುಡುಗ ಮುಚ್ಚಿಟ್ಟರೆ ನಾಯಿಗೂ ಕೇಡು

ನಾಯಿ ಕಚ್ಚಿದರೆ ಸಂಬಳ ಹಿಡಿಯುತ್ತಾರೆ, "ನಿಂಗೆ ನಾಯಿ ಹಿಡಿಯೋಕೆ ಬರಲ್ಲ" ಅಂತ ಕಳಿಸುತ್ತಾರೆ ಅನ್ನುವ ಹೆದರಿಕೆ ಇದ್ದ ಕಡೆ ಹುಡುಗ ಏನು ಮಾಡುತ್ತಾನೆ? ಗಾಯಕ್ಕೆ ಬಟ್ಟೆ ಸುತ್ತಿ ಸುಮ್ಮನಾಗುತ್ತಾನೆ. ಅವನ ಬಾಯಿ ಮುಚ್ಚಿದರೆ ನಾಯಿಯ ಕಾಯಿಲೆಯೂ ಮುಚ್ಚಿಹೋಗುತ್ತದೆ.

ಯಾಕೆಂದರೆ ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕು ಅನ್ನುವುದು ವೈದ್ಯರ ನಿಯಮ. ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚುವಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಅರ್ಥ. (ಲಸಿಕೆಗೆ ಮಾತ್ರ ಹತ್ತು ದಿನ ಕಾಯಬಾರದು, ಅವತ್ತೇ ಶುರು ಮಾಡಬೇಕು.) ಮನೆಯ ನಾಯಿ ಕಚ್ಚಿದರೆ ಕಣ್ಣೆದುರೇ ಇರುತ್ತದೆ. ಬೋರ್ಡಿಂಗಿನ ನಾಯಿ ನಾಳೆ ಬೆಳಿಗ್ಗೆ ಕಾರು ಹತ್ತಿ ವೈಟ್‌ಫೀಲ್ಡಿಗೋ ಮೈಸೂರಿಗೋ ಹೋಗಿರುತ್ತದೆ. ಕಚ್ಚಿದ್ದು ಯಾವ ನಾಯಿ, ಯಾರದ್ದು, ಫೋನ್ ನಂಬರ್ ಏನು ಅಂತ ಒಂದು ಪುಸ್ತಕದಲ್ಲಿ ಬರೆಯದಿದ್ದರೆ ಆ ಹತ್ತು ದಿನ ಗಮನಿಸುವವರು ಯಾರು? ಆ ಮನೆಯ ಮಕ್ಕಳಿಗೆ ಎಚ್ಚರಿಕೆ ಹೇಳುವವರು ಯಾರು?

ಸೋಂಕೂ ಹಾಗೆಯೇ. ಕೆಮ್ಮುವ ನಾಯಿಯನ್ನು ಬೇರೆ ಕೋಣೆಗೆ ಹಾಕಿ, ಅಲ್ಲಿಗೂ ಇಲ್ಲಿಗೂ ಒಬ್ಬನೇ ಹುಡುಗ, ಅದೇ ಚಪ್ಪಲಿ, ಅದೇ ಪೊರಕೆ, ಅದೇ ಬಕೆಟ್ಟು ಅಂದರೆ ಬೇರೆ ಕೋಣೆ ಹೆಸರಿಗೆ ಮಾತ್ರ. ರಾತ್ರಿಯೆಲ್ಲ ಒಬ್ಬನೇ ಇದ್ದು ನಿದ್ದೆಗೆಟ್ಟವನಿಗೆ ಯಾವ ನಾಯಿ ಅನ್ನ ಬಿಟ್ಟಿತು, ಯಾವುದು ಬಿಸಿಲಿಗೆ ಏದುಸಿರು ಬಿಡುತ್ತಿದೆ ಅನ್ನುವುದು ಕಾಣುವುದಿಲ್ಲ. ಮೂಗು ಚಪ್ಪಟೆಯ ಪಗ್ ನಾಯಿ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತಿದ್ದರೂ ಪ್ರಾಣಕ್ಕೆ ಬರುತ್ತದೆ. ಅದನ್ನು ಕಾಯುವುದು ಗೋಡೆಯ ಮೇಲಿನ ಸಿಸಿ ಕ್ಯಾಮೆರಾ ಅಲ್ಲ. ಎಚ್ಚರವಾಗಿರುವ, ಹೆದರಿಕೆ ಇಲ್ಲದ ಒಬ್ಬ ಮನುಷ್ಯ.

ಕಾನೂನು ಎಲ್ಲಿ ಮಲಗಿದೆ?

ನಾಯಿ ಸಾಕಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರಕಾರ ನಿಯಮ ತಂದಿತು. ಸಾಕುಪ್ರಾಣಿ ಅಂಗಡಿಗೆ 2018ರಲ್ಲಿ ನಿಯಮ ಬಂತು. ಬೀದಿನಾಯಿಗಳ ಸಂತಾನಹರಣಕ್ಕೆ 2023ರಲ್ಲಿ ಹೊಸ ನಿಯಮ. ಮೂರರ ತಲೆಬರಹದಲ್ಲೂ ಬೋರ್ಡಿಂಗ್, ಡೇ ಕೇರ್ ಅನ್ನುವ ಮಾತಿಲ್ಲ. ತಾಯಿ ಕಾನೂನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಸಣ್ಣ ಬೋನಿನಲ್ಲಿ ತುಂಬುವುದು, ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟುವುದು ಅದರ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲ ತಪ್ಪು ಮಾಡಿದರೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಬ್ಬರು ಕಾಫಿ ಕುಡಿದರೆ ಮುಗಿಯುವ ದುಡ್ಡು.

ಕೆಲಸಗಾರನ ಕಡೆಗೆ ಬಂದರೆ, ಇಎಸ್ಐ ಸೌಲಭ್ಯ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ ಮಾತ್ರ. ಮೂರು ಹುಡುಗರಿಂದ ನಡೆಯುವ ನಾಯಿ ಮನೆಗೆ ಅದು ತಲುಪುವುದಿಲ್ಲ. ಅಂದರೆ ನಾಯಿಯೂ ಹುಡುಗನೂ ಒಂದೇ ಬೇಲಿಯ ಹೊರಗೆ ನಿಂತಿದ್ದಾರೆ.

ಬೇರೆ ಕಡೆ ಆಗಿಲ್ಲವೇ? ಇಂಗ್ಲೆಂಡಿನಲ್ಲಿ 2018ರಿಂದ ದುಡ್ಡು ತೆಗೆದುಕೊಂಡು ನಾಯಿ ಇಟ್ಟುಕೊಳ್ಳುವ ಬೋರ್ಡಿಂಗಿಗೂ, ಡೇ ಕೇರಿಗೂ, ತಮ್ಮ ಮನೆಯಲ್ಲೇ ವ್ಯಾಪಾರವಾಗಿ ಇಟ್ಟುಕೊಳ್ಳುವವರಿಗೂ ಸ್ಥಳೀಯ ಆಡಳಿತದ ಲೈಸೆನ್ಸ್ ಕಡ್ಡಾಯ. ತಪಾಸಣೆ ಮಾಡಿ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ನಮ್ಮಲ್ಲಿ ಹೋಟೆಲಿಗೆ, ಕಟಿಂಗ್ ಶಾಪಿಗೆ ಲೈಸೆನ್ಸ್ ಕೇಳುವ ಪಾಲಿಕೆಗೆ ಇದೇನು ಹೊಸ ವಿದ್ಯೆಯಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದಿವೆ. ಹೊಸ ಬೋರ್ಡು ಬರೆಸಿದ ಹಾಗೆಯೇ ಹೊಸ ನಿಯಮವನ್ನೂ ಬರೆಯಲಿ.

"ಸಣ್ಣ ವ್ಯಾಪಾರ ಸ್ವಾಮಿ, ಎಲ್ಲಿಂದ ತರೋಣ?"

ಇದು ಎರಡನೇ ಮಾತು. ಸಣ್ಣ ವ್ಯಾಪಾರದ ಕಷ್ಟ ನಮಗೂ ಗೊತ್ತು, ನಮ್ಮೂರಲ್ಲಿ ಇರುವುದೆಲ್ಲ ಸಣ್ಣ ವ್ಯಾಪಾರವೇ. ಆದರೆ ಒಬ್ಬ ಹುಡುಗನ ಮೂರು ಡೋಸಿನ ಖರ್ಚು ಒಂದು ನಾಯಿಯ ಕೆಲವು ದಿನದ ಶುಲ್ಕದಲ್ಲಿ ಮುಗಿಯುತ್ತದೆ. ನಾಯಿಗೆ ಶಾಂಪೂ, ಹುಟ್ಟುಹಬ್ಬಕ್ಕೆ ಟೋಪಿ, ಫೋಟೊ, ಇವಕ್ಕೆಲ್ಲ ಬಿಲ್ಲಿನಲ್ಲಿ ಸಾಲು ಇರುತ್ತದೆ. ಹುಡುಗನ ಲಸಿಕೆಗೂ ಒಂದು ಸಾಲು ಇರಲಿ. ತಮ್ಮ ನಾಯಿಯನ್ನು ಮಗು ಅನ್ನುವ ಮನೆಯವರು ಆ ಮಗುವನ್ನು ಎತ್ತಿ ಆಡಿಸುವವನಿಗೆ ಅಷ್ಟು ಕೊಡಲಾರರೇ?

ಮೂರನೇ ಮಾತು ನಮ್ಮೂರಿಂದಲೇ ಬರುತ್ತದೆ. "ಮನುಷ್ಯರಿಗೇ ಗತಿ ಇಲ್ಲ, ನಾಯಿಗೆ ಯಾಕೆ ನಿಯಮ?" ನಾಯಿಗೆ ನಿಯಮ ಇಲ್ಲದ ಕಡೆ ಮೊದಲು ಕಚ್ಚಿಸಿಕೊಳ್ಳುವವನು ಮನುಷ್ಯನೇ. ಪಕ್ಕದ ಗೋವಾ ನೋಡಿ. ವರ್ಷ ವರ್ಷವೂ ಬೀದಿ ಬೀದಿ ತಿರುಗಿ ನಾಯಿಗಳಿಗೆ ಲಸಿಕೆ ಹಾಕಿದರು. ಮೂರು ವರ್ಷ ಮನುಷ್ಯರಲ್ಲಿ ಒಂದೂ ರೇಬಿಸ್ ಇಲ್ಲವೆಂದು 2021ರಲ್ಲಿ ರೇಬಿಸ್ ನಿಯಂತ್ರಿತ ರಾಜ್ಯ ಅಂತ ಘೋಷಿಸಿಕೊಂಡರು. ನಾಯಿಗೆ ಹಾಕಿದ ಲಸಿಕೆ ಉಳಿಸಿದ್ದು ಮನುಷ್ಯರನ್ನು.

ನಾವು ಕೇಳುವುದು

ಪಾಲಿಕೆಗಳಿಗೆ: ಬೋರ್ಡಿಂಗ್, ಡೇ ಕೇರ್ ಎರಡಕ್ಕೂ ಪ್ರತ್ಯೇಕ ಲೈಸೆನ್ಸ್ ಬರಲಿ. ಲಸಿಕೆ ದಾಖಲೆ, ಜಾಗಕ್ಕೆ ತಕ್ಕಷ್ಟೇ ನಾಯಿ, ಕಾಯಿಲೆ ನಾಯಿಗೆ ಬೇರೆ ಕೋಣೆ ಬೇರೆ ಸಾಮಾನು, ಕರೆದರೆ ಬರುವ ಪಶುವೈದ್ಯರ ಹೆಸರು, ರಾತ್ರಿ ಇಬ್ಬರು ಕೆಲಸಗಾರರು. ಇವುಗಳ ಜೊತೆಗೆ, ಅದೇ ಹಾಳೆಯಲ್ಲಿ, ಪ್ರತಿ ಕೆಲಸಗಾರನ ರೇಬಿಸ್ ಲಸಿಕೆ ದಾಖಲೆ ಮತ್ತು ಕಚ್ಚಿದ್ದನ್ನು ಬರೆಯುವ ಪುಸ್ತಕ. ಎರಡರಲ್ಲಿ ಒಂದಿಲ್ಲದಿದ್ದರೂ ಲೈಸೆನ್ಸ್ ಬೇಡ.

ನಡೆಸುವವರಿಗೆ: ಕೆಲಸಕ್ಕೆ ಸೇರಿಸಿದ ದಿನವೇ ಮೊದಲ ಡೋಸ್, ನಿಮ್ಮ ಖರ್ಚಿನಲ್ಲಿ. ಕಚ್ಚಿದ ದಿನ ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ, ಆ ದಿನದ ಕೂಲಿ ಹಿಡಿಯಬೇಡಿ.

ನಾಯಿ ಬಿಡುವವರಿಗೆ: ಎಸಿ ಇದೆಯಾ, ಕ್ಯಾಮೆರಾ ಇದೆಯಾ ಅಂತ ಕೇಳುವಾಗ ಇನ್ನೊಂದು ಪ್ರಶ್ನೆ ಸೇರಿಸಿ. "ನಮ್ಮ ನಾಯಿ ನೋಡಿಕೊಳ್ಳುವವರಿಗೆ ಲಸಿಕೆ ಆಗಿದೆಯಾ?" ಉತ್ತರ ತಡವರಿಸಿದರೆ ನಾಯಿಯನ್ನು ವಾಪಸ್ ಕರೆದುಕೊಂಡು ಹೋಗಿ.

ಊರಿನ ಓದುಗರಿಗೆ: ನಿಮ್ಮ ತಮ್ಮನೋ ಮಗಳೋ ಇಂಥ ಕೆಲಸಕ್ಕೆ ಹೊರಟರೆ ಸಂಬಳ ಎಷ್ಟು, ಊಟ ಕೊಡ್ತಾರಾ ಅಂತ ಕೇಳುವ ಜೊತೆಗೆ ಲಸಿಕೆ ಹಾಕಿಸ್ತಾರಾ ಅಂತ ಕೇಳಿ. ನಾಚಿಕೆ ಬೇಡ. ನಾಯಿ ಕಚ್ಚಿದರೆ, ಪರಚಿ ರಕ್ತ ಬಂದರೆ, ಗಾಯದ ಮೇಲೆ ನೆಕ್ಕಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದಪುಡಿ ಏನೂ ಹಚ್ಚಬಾರದು. ಅವತ್ತೇ ಸರಕಾರಿ ಆಸ್ಪತ್ರೆಗೆ ಹೋಗಬೇಕು, ಕಚ್ಚಿದ ಮೇಲಿನ ಲಸಿಕೆ ಅಲ್ಲಿ ಉಚಿತ. ಒಂದು ಡೋಸ್ ಆದ ಮೇಲೆ ಗಾಯ ಮಾಯ್ದಿತು ಅಂತ ಬಿಡಬಾರದು, ಪೂರ್ತಿ ಮುಗಿಸಬೇಕು. ಇದನ್ನು ಬೆಂಗಳೂರಲ್ಲಿ ಇರುವವರಿಗೆ ಇವತ್ತೇ ಕಳಿಸಿ.

ಇನ್ನೊಂದು ಮಾತು. ಜಯನಗರದ ನಾಯಿಗೆ ಕಾರ್ಡು ಇದೆ, ನಮ್ಮ ಊರಬಾಗಿಲ ನಾಯಿಗೆ ಇಲ್ಲ. ನಗರದಲ್ಲಿ ನಿಯಮ ಕೇಳುವ ನಾವು ನಮ್ಮ ಗ್ರಾಮಸಭೆಯಲ್ಲೂ ಕೇಳಬೇಕು. ಪಶು ಆಸ್ಪತ್ರೆಯವರನ್ನು ಕರೆಸಿ ಊರ ನಾಯಿಗಳಿಗೆಲ್ಲ ಲಸಿಕೆ ಹಾಕಿಸುವುದು ಯಾವಾಗ ಅಂತ. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬಿಸ್ ಇಲ್ಲವಾಗಿಸುತ್ತೇವೆ ಅಂತ ಕೇಂದ್ರ ಸರಕಾರ 2021ರಲ್ಲೇ ಯೋಜನೆ ಹೊರಡಿಸಿದೆ. ದಿನ ಹೆಚ್ಚು ಉಳಿದಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅನ್ನುವ ಗಾದೆ ನಮ್ಮಲ್ಲಿದೆ. ರೇಬಿಸ್ ವಿಷಯದಲ್ಲಿ ಆಮೇಲೆ ಹಾಕುವ ಬಾಗಿಲೇ ಇಲ್ಲ. ಮೊದಲೇ ಹಾಕಬೇಕು. ನಾಯಿಗೂ, ಅದರ ಹಗ್ಗ ಹಿಡಿದ ಕೈಗೂ.